ಆ ನೇರಳೆ ಕಾಂಡದ ಹತ್ತಿರ ಇನ್ನೂ ಸ್ವಲ್ಪ ಹೊತ್ತು ನಿಲ್ಲಿ

ನಮಸ್ಕಾರ.

ಫ್ರಾನ್ಸಿನ ಚಿತ್ರಕಾರ ಪಿಯರ್ ಬೊನಾರ್ ಬರೆದ ‘ವೆರ್ನೊನೆಯ ಜಗಲಿ’ ಚಿತ್ರದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಅದನ್ನು ಹಾಕಲು ಆಗುವುದಿಲ್ಲ. ಆದರೆ ದಯವಿಟ್ಟು ಕೈಬಿಡಬೇಡಿ. ಅದರೊಳಗೆ ಒಂದು ಒಳ್ಳೆಯ ಲೇಖನ ಇದೆ.

ಮೊದಲ ಎರಡು ಪುಟ ‘ಬಣ್ಣಗಳ ಹಬ್ಬ’, ‘ಬಿಸಿಲಿನ ಹಾಡು’, ‘ಮನಸೂರೆಗೊಳ್ಳುವ ತೋಟ’ ಇಂಥ ಮಾತುಗಳಲ್ಲೇ ಮುಗಿದುಹೋಗುತ್ತವೆ. ಬಿಸಿಲಿರುವ ಯಾವ ಚಿತ್ರಕ್ಕೆ ಅಂಟಿಸಿದರೂ ಇವು ಒಪ್ಪುತ್ತವೆ, ಅಲ್ವಾ? ಚಿತ್ರ ನೋಡಿರದ ಓದುಗರಿಗೆ ಇದರಿಂದ ಏನೂ ಕಾಣುವುದಿಲ್ಲ. ಮೂರನೇ ಪುಟದ ಕೊನೆಗೆ ಮಾತ್ರ ‘ಮರದ ಕಾಂಡ ಯಾಕೋ ನೇರಳೆ ಬಣ್ಣದಲ್ಲಿದೆ’ ಎಂದು ಒಂದು ಸಾಲು ಬರೆದು, ಹಾಗೇ ಮುಂದೆ ಹೋಗಿಬಿಟ್ಟಿದ್ದೀರಿ. ನಿಮ್ಮ ಕಣ್ಣು ನಿಜವಾಗಿ ಕೆಲಸ ಮಾಡಿದ್ದು ಆ ಸಾಲಿನಲ್ಲಿ.

ಆ ‘ಯಾಕೋ’ವನ್ನು ಬಿಡಬೇಡಿ. ಕಾಂಡವನ್ನು ಬೆರಳಿನಿಂದ ಮುಚ್ಚಿ ಚಿತ್ರ ನೋಡಿ. ಸುತ್ತಲಿನ ಬಿಸಿಲಿನ ಹಳದಿ ಸಪ್ಪೆಯಾಗುತ್ತದೆ. ಬೆರಳು ತೆಗೆಯಿರಿ, ಮತ್ತೆ ಉರಿಯುತ್ತದೆ. ನೇರಳೆ, ಹಳದಿ ಒಂದಕ್ಕೊಂದು ಎದುರಾದ ಬಣ್ಣಗಳು. ಪಕ್ಕಪಕ್ಕ ಇಟ್ಟರೆ ಎರಡೂ ಜೋರಾಗುತ್ತವೆ. ನೆರಳಿಗೆ ಕಪ್ಪು ಬಳಿದಿದ್ದರೆ ಈ ಬಿಸಿಲು ಹೀಗೆ ಚುರುಕಾಗುತ್ತಿರಲಿಲ್ಲ. ಇದನ್ನು ನಿಮ್ಮ ಮಾತಿನಲ್ಲೇ ಬರೆಯಿರಿ, ಒಂದಿಡೀ ಪುಟ ಆದರೂ ಪರವಾಗಿಲ್ಲ.

ಇನ್ನು ತಪ್ಪುಗಳು. ಬೊನಾರ್ ತೋಟದಲ್ಲಿ ಕೂತು ಒಂದೇ ಬೆಳಗಿನಲ್ಲಿ ಇದನ್ನು ಬರೆದ ಎಂದಿದ್ದೀರಿ. ಹಾಗಲ್ಲ. ಅವನು ಜೇಬಿನ ಡೈರಿಯಲ್ಲಿ ಪೆನ್ಸಿಲ್‌ನಿಂದ ಗೀಚಿಕೊಳ್ಳುತ್ತಿದ್ದ, ಆ ದಿನದ ಹವೆ ಹೇಗಿತ್ತು ಅಂತಲೂ ಗುರುತು ಹಾಕುತ್ತಿದ್ದ. ಆಮೇಲೆ ಮನೆಯೊಳಗೆ ಗೋಡೆಗೆ ಕ್ಯಾನ್ವಾಸ್ ಹೊಡೆದು, ನೆನಪಿನಿಂದ ಬರೆಯುತ್ತಿದ್ದ. ಕಣ್ಣೆದುರಿಗಿರುವ ವಸ್ತು ತನ್ನ ಮೊದಲ ಅನಿಸಿಕೆಯನ್ನು ಕೆಡಿಸುತ್ತದೆ ಎಂದೇ ನಂಬಿದ್ದ. ಫ್ರಾನ್ಸಿನ ವೆರ್ನೊನೆ ಎಂಬ ಊರಿನಲ್ಲಿ ಅವನು ಮನೆ ಕೊಂಡದ್ದು 1912ರಲ್ಲಿ. ಈ ಚಿತ್ರ ಶುರುವಾದದ್ದು ಸುಮಾರು 1920ರಲ್ಲಿ, ಮುಗಿದದ್ದು 1939ರಲ್ಲಿ. ಆಗ ಅವನಿಗೆ ಎಪ್ಪತ್ತು ದಾಟಿತ್ತು. ಯೋಚಿಸಿ ನೋಡಿ: ನೀವು ಒಂದು ಬೆಳಗಿನದು ಎಂದುಕೊಂಡ ಬಿಸಿಲಿಗೆ ಹತ್ತಿರ ಹತ್ತಿರ ಇಪ್ಪತ್ತು ವರ್ಷ. ನನಗಂತೂ ಇಡೀ ಚಿತ್ರದಲ್ಲಿ ಇದಕ್ಕಿಂತ ದೊಡ್ಡ ಸಂಗತಿ ಇಲ್ಲ. ನಿಮ್ಮ ಲೇಖನದಲ್ಲಿ ಇದು ಇಲ್ಲವೇ ಇಲ್ಲ ಅನ್ನುವುದೇ ಬೇಜಾರು.

ಬೊನಾರ್‌ನನ್ನು ಚಿತ್ರಕಾರ ಕ್ಲೋಡ್ ಮೊನೆಯ ಶಿಷ್ಯ ಎಂದೂ ಬರೆದಿದ್ದೀರಿ. ಮೊನೆ ಇದ್ದ ಜಿವರ್ನಿ ಊರು ವೆರ್ನೊನೆಗೆ ಹತ್ತಿರ, ಇಬ್ಬರಿಗೂ ಸ್ನೇಹವಿತ್ತು, ಅಷ್ಟೇ. ಚಿತ್ರ ಈಗ ಇರುವುದು ಪ್ಯಾರಿಸ್‌ನಲ್ಲಲ್ಲ, ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ. ಆರು ಅಡಿಗಿಂತ ಜಾಸ್ತಿ ಅಗಲವಿದೆ. ಮೊಬೈಲಿನಲ್ಲಿ ನೋಡಿ ‘ಪುಟ್ಟ ಚಿತ್ರ’ ಎಂದು ಬರೆಯಬೇಡಿ.

‘ನಾವೂ ಬದುಕಿನಲ್ಲಿ ಬೆಳಕು ತುಂಬಿಕೊಳ್ಳೋಣ’ ಎಂಬ ಕೊನೆಯ ಪ್ಯಾರಾ ಸುಮ್ನೆ ತೆಗೆದುಬಿಡಿ.

ಹೊಸ ಕರಡನ್ನು ಕಾಂಡದಿಂದಲೇ ಶುರು ಮಾಡಿ. 800 ಪದ ಸಾಕು. ಒಂದು ತಿಂಗಳೊಳಗೆ ಕಳಿಸಿ, ನಾನೇ ಕೂತು ಓದುತ್ತೇನೆ.

ಇಂತಿ,
ಸಂಪಾದಕ