ಕಡತಕ್ಕೇ ಸೇರದ ಸಾವುಗಳು

ಮಾನ್ಯರೇ,

ಕೆನಡಾ ಮತ್ತು ಅಮೆರಿಕದ ಮೂಲನಿವಾಸಿ ಮಹಿಳೆಯರ ಕಣ್ಮರೆ ಹಾಗೂ ಕೊಲೆಗಳ ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿ ನೀವು ಬರೆದ ಪತ್ರ ತಲುಪಿದೆ. ರಾಯಲ್ ಕೆನಡಿಯನ್ ಮೌಂಟೆಡ್ ಪೊಲೀಸ್ ಪಡೆಯ 2014ರ ವರದಿಯಂತೆ ಮೂಲನಿವಾಸಿ ಮಹಿಳೆಯರ ಕೊಲೆಗಳಲ್ಲಿ ನೂರಕ್ಕೆ 88 ಪತ್ತೆಯಾಗಿವೆ, ಇತರ ಮಹಿಳೆಯರ ವಿಷಯದಲ್ಲಿ ಆ ಪ್ರಮಾಣ 89. ಅಂತರ ಇಷ್ಟು ಕಡಿಮೆ ಇರುವಾಗ ತಾರತಮ್ಯದ ಆರೋಪಕ್ಕೆ ಆಧಾರವೇನು ಎಂದು ಕೇಳಿದ್ದೀರಿ. ಕೊಲೆಗಾರನಿಗೆ ಶಿಕ್ಷೆಯಾದ ಮೇಲೂ ಇಬ್ಬರು ಮಹಿಳೆಯರ ದೇಹಗಳಿಗಾಗಿ ಕೆನಡಾದ ವಿನ್ನಿಪೆಗ್ ನಗರದ ಬಳಿಯ ಕಸದ ಗುಡ್ಡವನ್ನು ಅಪಾರ ಹಣ ಸುರಿದು ಅಗೆಯುವ ಅಗತ್ಯವೇನಿತ್ತು, ಈ ವಿಷಯವನ್ನು ನಮ್ಮ ಪತ್ರಿಕೆ ಇನ್ನೂ ಮುಂದುವರಿಸಬೇಕೇ ಎಂಬುವು ನಿಮ್ಮ ಇನ್ನೆರಡು ಪ್ರಶ್ನೆಗಳು. ಅಂಕಿಅಂಶವನ್ನು ಪರಿಶೀಲಿಸಿ ಬರೆದ ಪತ್ರಕ್ಕೆ ಅಷ್ಟೇ ವಿವರವಾಗಿ ಉತ್ತರಿಸುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ನೀವು ಉಲ್ಲೇಖಿಸಿದ ಅಂಕಿಗಳು ಸರಿಯಾಗಿಯೇ ಇವೆ. ಅದೇ ವರದಿ 1980ರಿಂದ 2012ರವರೆಗೆ 1,017 ಕೊಲೆ ಮತ್ತು 164 ಕಣ್ಮರೆ, ಒಟ್ಟು 1,181 ಪ್ರಕರಣಗಳನ್ನು ಪಟ್ಟಿ ಮಾಡಿತು. ಕೆನಡಾದ ಮಹಿಳೆಯರಲ್ಲಿ ನೂರಕ್ಕೆ 4.3ರಷ್ಟಿರುವ ಸಮುದಾಯ, ಕೊಲೆಯಾದ ಮಹಿಳೆಯರಲ್ಲಿ ನೂರಕ್ಕೆ 16ರಷ್ಟಿದೆ ಎಂದೂ ಹೇಳಿತು. ಕೊಲೆಗಾರ ಪತ್ತೆಯಾಗದ 120 ಸಾವುಗಳು, ಕಾರಣ ತಿಳಿಯದ ಅಥವಾ ದುಷ್ಕೃತ್ಯದ ಶಂಕೆಯಿರುವ 105 ಕಣ್ಮರೆಗಳು, ಹೀಗೆ 225 ಪ್ರಕರಣಗಳು ಆಗ ಬಾಕಿ ಇದ್ದವು. ಆದರೆ ನೂರಕ್ಕೆ 88 ಎಂಬ ಲೆಕ್ಕ ಶುರುವಾಗುವುದೇ ಪೊಲೀಸರು ಒಂದು ಸಾವನ್ನು ಕೊಲೆ ಎಂದು ದಾಖಲಿಸಿಕೊಂಡ ಬಳಿಕ. ಹೊಳೆಯಲ್ಲಿ ಸಿಕ್ಕ ದೇಹವನ್ನು ಮುಳುಗಿ ಸತ್ತದ್ದೆಂದೋ, ಬಾಡಿಗೆ ಕೋಣೆಯಲ್ಲಿ ಸತ್ತವಳನ್ನು ಮಾದಕವಸ್ತು ಸೇವನೆಯಿಂದ ಸತ್ತಳೆಂದೋ ಬರೆದು ಕಡತ ಮುಚ್ಚಿದರೆ ಆ ಸಾವು ಭಾಜಕದಲ್ಲೂ ಇಲ್ಲ, ಭಾಜ್ಯದಲ್ಲೂ ಇಲ್ಲ. ಮಗಳು ಮನೆಗೆ ಬಂದಿಲ್ಲವೆಂದು ಠಾಣೆಗೆ ಹೋದ ತಾಯಿಗೆ, ಎಲ್ಲೋ ಕುಡಿದು ಬಿದ್ದಿರುತ್ತಾಳೆ, ತಾನಾಗಿಯೇ ಬರುತ್ತಾಳೆ ಎಂಬರ್ಥದ ಉತ್ತರ ಸಿಕ್ಕಿತೆಂದು ಕುಟುಂಬದ ಮೇಲೆ ಕುಟುಂಬ ರಾಷ್ಟ್ರೀಯ ವಿಚಾರಣಾ ಆಯೋಗದ ಮುಂದೆ ಹೇಳಿಕೊಂಡಿತು. ಮೇರಿಯನ್ ಬುಲ್ಲರ್ ಅಧ್ಯಕ್ಷತೆಯ ಆ ಆಯೋಗ 2019ರ ಜೂನ್‌ನಲ್ಲಿ ಸಲ್ಲಿಸಿದ ಅಂತಿಮ ವರದಿಯಲ್ಲಿ, ಸತ್ತವರ ಮತ್ತು ಕಾಣೆಯಾದವರ ನಿಜವಾದ ಸಂಖ್ಯೆ ಯಾರಿಗೂ ಗೊತ್ತಿಲ್ಲವೆಂದು ಒಪ್ಪಿಕೊಂಡಿತು. ಲೆಕ್ಕಕ್ಕೆ ಬಂದವುಗಳಲ್ಲಿ ಎಷ್ಟು ಪತ್ತೆಯಾದವು ಎಂಬುದಕ್ಕಿಂತ ಲೆಕ್ಕಕ್ಕೆ ಬಂದವು ಯಾವುವು ಎಂಬುದೇ ಮೊದಲ ಪ್ರಶ್ನೆ ಎಂದು ನಾವು ಹೇಳುವುದು ಈ ಕಾರಣಕ್ಕೆ.

ಅಮೆರಿಕದಲ್ಲಿ ಈ ಕೊರತೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. 2016ರಲ್ಲಿ ಅಲ್ಲಿನ ರಾಷ್ಟ್ರೀಯ ಅಪರಾಧ ಮಾಹಿತಿ ಕೇಂದ್ರಕ್ಕೆ ಮೂಲನಿವಾಸಿ ಮಹಿಳೆಯರು ಮತ್ತು ಬಾಲಕಿಯರು ಕಾಣೆಯಾದ 5,712 ವರದಿಗಳು ಬಂದಿದ್ದವು. ನ್ಯಾಯ ಇಲಾಖೆಯ ಕಾಣೆಯಾದವರ ದತ್ತಾಂಶದಲ್ಲಿ ದಾಖಲಾದದ್ದು 116 ಮಾತ್ರ. ಜೊತೆಗೆ, ಬುಡಕಟ್ಟು ನ್ಯಾಯಾಲಯಗಳು ತಮ್ಮ ನೆಲದಲ್ಲಿ ಅಪರಾಧ ಎಸಗಿದ ಹೊರಗಿನವರನ್ನು ವಿಚಾರಣೆಗೆ ಒಳಪಡಿಸುವಂತಿಲ್ಲ ಎಂದು 1978ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಬುಡಕಟ್ಟಿನ ಪೊಲೀಸರು, ರಾಜ್ಯದ ಪೊಲೀಸರು, ಕೇಂದ್ರದ ತನಿಖಾಧಿಕಾರಿಗಳು ಇದು ಯಾರ ವ್ಯಾಪ್ತಿಗೆ ಬರುತ್ತದೆಂದು ನಿರ್ಧರಿಸುವಷ್ಟರಲ್ಲಿ ಸಾಕ್ಷ್ಯ ಹಾಳಾಗುತ್ತದೆ. 2013ರ ಮತ್ತು 2022ರ ಕಾನೂನುಗಳು ಆ ಅಧಿಕಾರದ ಒಂದು ಭಾಗವನ್ನು ಮಾತ್ರ ಹಿಂತಿರುಗಿಸಿವೆ.

ಇನ್ನು, ಪತ್ತೆಯಾಯಿತು ಎಂದು ದಾಖಲೆ ಹೇಳುವ ಪ್ರಕರಣಗಳನ್ನೇ ನೋಡೋಣ. ಮ್ಯಾನಿಟೋಬಾ ಪ್ರಾಂತ್ಯದ ದ ಪಾ ಎಂಬ ಸಣ್ಣ ಪಟ್ಟಣದಲ್ಲಿ ಓದುತ್ತಿದ್ದ ಕ್ರೀ ಸಮುದಾಯದ 19 ವರ್ಷದ ಹೆಲೆನ್ ಬೆಟ್ಟಿ ಆಸ್‌ಬೋರ್ನ್‌ಳನ್ನು 1971ರ ನವೆಂಬರ್‌ನಲ್ಲಿ ಬೀದಿಯಿಂದ ಕಾರಿನಲ್ಲಿ ಹೊತ್ತೊಯ್ದು ಕೊಲ್ಲಲಾಯಿತು. ಆ ಕಾರಿನಲ್ಲಿದ್ದವರು ನಾಲ್ವರು ಬಿಳಿಯ ಯುವಕರು. ಅವರು ಯಾರೆಂದು ಪಟ್ಟಣದ ಹಲವರಿಗೆ ಗೊತ್ತಿದ್ದೂ ಯಾರೂ ಬಾಯಿಬಿಡಲಿಲ್ಲ. ಮೊಕದ್ದಮೆ ತೀರ್ಪು ಕಂಡದ್ದು ಹದಿನಾರು ವರ್ಷಗಳ ಬಳಿಕ, 1987ರಲ್ಲಿ. ಒಬ್ಬನಿಗೆ ಶಿಕ್ಷೆಯಾಯಿತು, ಇನ್ನೊಬ್ಬ ಖುಲಾಸೆಯಾದ, ಮತ್ತೊಬ್ಬ ಸಾಕ್ಷಿ ಹೇಳಿ ವಿನಾಯಿತಿ ಪಡೆದ, ನಾಲ್ಕನೆಯವನ ಮೇಲೆ ಆರೋಪವನ್ನೇ ಹೊರಿಸಲಿಲ್ಲ. ಅಂಕಿಅಂಶದ ಕೋಷ್ಟಕದಲ್ಲಿ ಇಂಥದ್ದೂ ಬಗೆಹರಿದ ಪ್ರಕರಣವೇ. ಆ ಹುಡುಗಿಯ ಹತ್ಯೆಯ ಹಿಂದೆ ಜನಾಂಗದ್ವೇಷ ಇತ್ತೆಂದು ಪ್ರಾಂತ್ಯದ ವಿಚಾರಣಾ ಆಯೋಗ 1991ರಲ್ಲಿ ಬರೆಯದೆ ಹೋಗಿದ್ದರೆ ಈ ವಿವರಗಳೂ ಮರೆತುಹೋಗುತ್ತಿದ್ದವು.

ವ್ಯಾಂಕೂವರ್ ನಗರದ ಡೌನ್‌ಟೌನ್ ಈಸ್ಟ್‌ಸೈಡ್‌ನದು ಇನ್ನೂ ದೊಡ್ಡ ದುರಂತ. ಆ ಬಡ ಬಡಾವಣೆಯಿಂದ 1990ರ ದಶಕದುದ್ದಕ್ಕೂ ಮಹಿಳೆಯರು ಒಬ್ಬೊಬ್ಬರಾಗಿ ಕಾಣೆಯಾದರು. ಅವರಲ್ಲಿ ಮೂಲನಿವಾಸಿಗಳು ಜನಸಂಖ್ಯೆಯ ಪ್ರಮಾಣಕ್ಕೆ ಮೀರಿ ಇದ್ದರು. ಹಂದಿಸಾಕಣೆಯ ತೋಟವೊಂದರ ಒಡೆಯನ ಮೇಲೆ 1997ರಲ್ಲೇ, ಇರಿತದಿಂದ ಬದುಕುಳಿದ ಮಹಿಳೆಯೊಬ್ಬಳ ಪ್ರಕರಣದಲ್ಲಿ ಕೊಲೆಯತ್ನದ ಆರೋಪ ದಾಖಲಾಗಿತ್ತು. ಮರುವರ್ಷ ಅದನ್ನು ಕೈಬಿಡಲಾಯಿತು. ಅವನ ಬಂಧನವಾದದ್ದು 2002ರಲ್ಲಿ. ಆ ತೋಟದಲ್ಲಿ 33 ಮಹಿಳೆಯರ ಅವಶೇಷ ಅಥವಾ ಡಿಎನ್‌ಎ ಸಿಕ್ಕಿತು. ಆರು ಕೊಲೆಗಳಿಗೆ 2007ರಲ್ಲಿ ಶಿಕ್ಷೆಯಾಯಿತು, ಉಳಿದ 20 ಆರೋಪಗಳ ವಿಚಾರಣೆಯನ್ನು 2010ರಲ್ಲಿ ಕೈಬಿಡಲಾಯಿತು. ಕೊಲೆಗಾರ ಹೇಗೂ ಸೆರೆಮನೆಯಲ್ಲಿದ್ದಾನೆ ಎಂಬ ಕಾರಣ ಕಾನೂನಿನ ದೃಷ್ಟಿಗೆ ಸಾಕಾಗಿರಬಹುದು. ತಮ್ಮ ಮಗಳ ಹೆಸರನ್ನು ನ್ಯಾಯಾಲಯದಲ್ಲಿ ಒಮ್ಮೆ ಕರೆಯುವುದನ್ನೂ ಕೇಳದ ಮನೆಯವರಿಗೆ ಅದು ಸಾಲದು. 1998 ಮತ್ತು 2002ರ ನಡುವೆ ಸತ್ತವರನ್ನು ಉಳಿಸಬಹುದಿತ್ತು ಎಂಬ ಮಾತನ್ನು ಬರೆಯಲು ನಮಗೆ ಹಿಂಜರಿಕೆಯಿಲ್ಲ.

ಪತ್ತೆ ನಿಜಕ್ಕೂ ಕಷ್ಟವಾದ ಕಡೆಗಳೂ ಇವೆ. ಬ್ರಿಟಿಷ್ ಕೊಲಂಬಿಯಾದಲ್ಲಿ ಪ್ರಿನ್ಸ್ ಜಾರ್ಜ್‌ನಿಂದ ಪ್ರಿನ್ಸ್ ರೂಪರ್ಟ್‌ವರೆಗಿನ ಸುಮಾರು 720 ಕಿಲೋಮೀಟರ್ ಉದ್ದದ 16ನೇ ಹೆದ್ದಾರಿಯನ್ನು ಅಲ್ಲಿಯವರು ಕಣ್ಣೀರ ಹೆದ್ದಾರಿ ಎನ್ನುತ್ತಾರೆ. ಅದರ ಮತ್ತು ನೆರೆಯ ಹೆದ್ದಾರಿಗಳ ಆಸುಪಾಸಿನ, 1969ರಿಂದ 2006ರವರೆಗಿನ 18 ಪ್ರಕರಣಗಳನ್ನು ಪೊಲೀಸರ ವಿಶೇಷ ತಂಡ ಕೈಗೆತ್ತಿಕೊಂಡಿತು. ಬಹುಪಾಲು ಇಂದಿಗೂ ಪತ್ತೆಯಾಗಿಲ್ಲ. ದಟ್ಟ ಕಾಡು, ದೂರದೂರದ ಹಳ್ಳಿಗಳು, ಹಾದುಹೋಗುವ ಅಪರಿಚಿತ ವಾಹನಗಳು ತನಿಖೆಗೆ ತೊಡಕೆಂಬುದು ನಿಜ. ಆದರೆ ಆಸ್ಪತ್ರೆಗೋ ಅಂಗಡಿಗೋ ಹೋಗಲು ಹುಡುಗಿಯರು ರಸ್ತೆಬದಿಯಲ್ಲಿ ಕೈಯೊಡ್ಡಿ ನಿಲ್ಲಬೇಕಾಗಿದ್ದುದು ಬಸ್ ಇಲ್ಲದ ಕಾರಣ. ಬಸ್ ಬೇಕೆಂದು ಈ ಹೆದ್ದಾರಿಯ ಕುರಿತು 2006ರಲ್ಲಿ ನಡೆದ ಸಮಾವೇಶ ಕೇಳಿತು; ಊರೂರುಗಳ ನಡುವೆ ಸರ್ಕಾರಿ ಸಾರಿಗೆ ಬಂದದ್ದು 2017ರಲ್ಲಿ. ಅದಕ್ಕೂ ಹಿಂದಕ್ಕೆ ಹೋದರೆ, ಸಮುದಾಯದ ಹೊರಗೆ ಮದುವೆಯಾದ ಮೂಲನಿವಾಸಿ ಹೆಣ್ಣಿನ ಕಾನೂನುಬದ್ಧ ಸ್ಥಾನಮಾನವನ್ನು 1985ರವರೆಗೂ ಕಿತ್ತುಕೊಳ್ಳುತ್ತಿದ್ದ ಕಾಯಿದೆಯಿದೆ, ಮಕ್ಕಳನ್ನು ತಾಯ್ತಂದೆಯರಿಂದ ಬೇರ್ಪಡಿಸಿದ ವಸತಿ ಶಾಲೆಗಳಿವೆ. ಊರು, ಮನೆ, ಆಸರೆ ಕಳೆದುಕೊಂಡವರು ಆ ರಸ್ತೆಗಳಿಗೆ ಬಂದದ್ದು ಆಕಸ್ಮಿಕವಲ್ಲ.

ಈಗ ವಿನ್ನಿಪೆಗ್ ವಿಷಯ. 2022ರಲ್ಲಿ ನಾಲ್ವರು ಮೂಲನಿವಾಸಿ ಮಹಿಳೆಯರನ್ನು ಒಬ್ಬನೇ ಕೊಂದ. ಇಬ್ಬರ ದೇಹಗಳು ಪ್ರೇರಿ ಗ್ರೀನ್ ಕಸದ ಗುಡ್ಡದಲ್ಲಿವೆ ಎಂದು ಪೊಲೀಸರಿಗೆ ತಿಳಿದಿದ್ದರೂ ಹುಡುಕಾಟ ಕಾರ್ಯಸಾಧ್ಯವಲ್ಲವೆಂದು ಆ ವರ್ಷದ ಡಿಸೆಂಬರ್‌ನಲ್ಲಿ ಹೇಳಿಬಿಟ್ಟರು. 18.4 ಕೋಟಿ ಡಾಲರ್‌ವರೆಗೆ ಖರ್ಚು, ಮೂರು ವರ್ಷದವರೆಗೆ ಸಮಯ ಹಿಡಿಯಬಹುದೆಂಬ ಅಂದಾಜನ್ನೂ ವಿಷಾನಿಲದ ಭಯವನ್ನೂ ಮುಂದೊಡ್ಡಿ ಮ್ಯಾನಿಟೋಬಾ ಪ್ರಾಂತೀಯ ಸರ್ಕಾರ ನಿರಾಕರಿಸಿತು. 2023ರ ಚುನಾವಣೆಯಲ್ಲಿ ಆಡಳಿತ ಪಕ್ಷ ಆ ನಿರಾಕರಣೆಯನ್ನೇ ಜಾಹೀರಾತು ಮಾಡಿತು, ಮತ್ತು ಸೋತಿತು. ಗೆದ್ದು ಬಂದ ವಾಬ್ ಕಿನ್ಯೂ ಅವರ ಸರ್ಕಾರ 2024ರ ಡಿಸೆಂಬರ್‌ನಲ್ಲಿ ಹುಡುಕಾಟ ಆರಂಭಿಸಿತು. ಮುಂದಿನ ಮಾರ್ಚ್ ವೇಳೆಗೆ ಇಬ್ಬರ ಅವಶೇಷಗಳೂ ಸಿಕ್ಕಿ ಗುರುತಿಸಲ್ಪಟ್ಟಿದ್ದವು. ನಾಲ್ವರಲ್ಲಿ ಗುರುತು ಸಿಗದಿದ್ದ ಇನ್ನೊಬ್ಬಳಿಗೆ ಸಮುದಾಯದ ಹಿರಿಯರು ತಮ್ಮ ಭಾಷೆಯಲ್ಲೊಂದು ಹೆಸರಿಟ್ಟು ಗೌರವಿಸಿದ್ದರು. ಅದೇ ಮಾರ್ಚ್‌ನಲ್ಲಿ ಅವಳ ನಿಜನಾಮವೂ ತಿಳಿಯಿತು. ಅಸಾಧ್ಯವೆಂದಿದ್ದ ಕೆಲಸ ಕೆಲವೇ ತಿಂಗಳುಗಳಲ್ಲಿ ಆಯಿತು. ಖರ್ಚು ವ್ಯರ್ಥವೇ ಎಂಬ ನಿಮ್ಮ ಪ್ರಶ್ನೆಗೆ, ತಾಯಿಯ ದೇಹಕ್ಕಾಗಿ ಎರಡು ವರ್ಷಕ್ಕೂ ಮೀರಿ ಹೋರಾಡಿದ ಮಕ್ಕಳ ಪರವಾಗಿ, ಅಲ್ಲವೆಂದೇ ನಮ್ಮ ಉತ್ತರ.

ವಿಷಯವನ್ನು ಇಲ್ಲಿಗೆ ನಿಲ್ಲಿಸಿ ಎಂಬ ನಿಮ್ಮ ಸಲಹೆಯನ್ನು ಒಪ್ಪಲಾಗುತ್ತಿಲ್ಲ. ರಾಷ್ಟ್ರೀಯ ಆಯೋಗ ಮುಂದಿಟ್ಟ 231 ಬೇಡಿಕೆಗಳಲ್ಲಿ ಪೊಲೀಸ್ ವ್ಯವಸ್ಥೆಗೆ ಸಂಬಂಧಿಸಿದವುಗಳನ್ನು ಕುರಿತ ಲೇಖನ ಮುಂದಿನ ಸಂಚಿಕೆಯಲ್ಲಿ ಬರಲಿದೆ. ಅದನ್ನೂ ಇಷ್ಟೇ ಎಚ್ಚರದಿಂದ ಓದಿ, ನಿಮ್ಮ ಆಕ್ಷೇಪಗಳಿದ್ದರೆ ಬರೆಯಬೇಕೆಂದು ಕೋರುತ್ತೇವೆ.

— ಸಂಪಾದಕ