ಅಟ್ಲಾಸ್ ಹೊತ್ತಿದ್ದು ಭೂಮಿಯನ್ನಲ್ಲ

ಪ್ರಶ್ನೆ: ನಕ್ಷೆಗಳ ಪುಸ್ತಕ ಅಟ್ಲಾಸ್, ಮನೆಯ ಹಳೇ ಸೈಕಲ್ಲೂ ಅಟ್ಲಾಸ್, ಕತ್ತಿನ ಮೂಳೆಗೂ ಅದೇ ಹೆಸರಂತೆ. ಭೂಮಿ ಹೊತ್ತವನ ಹೆಸರು ಇಷ್ಟಕ್ಕೆಲ್ಲ ಹೇಗೆ ಬಂತು?
– ಓದುಗರು, ದಾವಣಗೆರೆ

ಉತ್ತರ: ಅವನು ಹೊತ್ತಿದ್ದು ಭೂಮಿಯನ್ನಲ್ಲ, ಆಕಾಶವನ್ನು. ಗ್ರೀಕ್ ಪುರಾಣದಲ್ಲಿ, ದೇವತೆಗಳ ಜೊತೆಗಿನ ಯುದ್ಧದಲ್ಲಿ ಅವನ ಕುಲದ ದೈತ್ಯರಾದ ಟೈಟನ್ನರು ಸೋತ ಮೇಲೆ ದೇವರಾಜ ಜ್ಯೂಸ್ ವಿಧಿಸಿದ ಶಿಕ್ಷೆ ಅದು. ನೇಪಲ್ಸ್ ವಸ್ತುಸಂಗ್ರಹಾಲಯದಲ್ಲಿರುವ ರೋಮನ್ ಶಿಲ್ಪದಲ್ಲಿ ಅವನ ಹೆಗಲ ಮೇಲಿನ ಗೋಳದಲ್ಲಿ ಖಂಡಗಳಿಲ್ಲ, ಕೆತ್ತಿರುವುದು ನಕ್ಷತ್ರಪುಂಜಗಳನ್ನು. ಗೋಳ ಕಂಡಲ್ಲೆಲ್ಲ ಭೂಮಿ ಎಂದುಕೊಳ್ಳುವ ರೂಢಿ ನಮ್ಮದು.

ಪುಸ್ತಕದ ವಿಷಯ ಇನ್ನೂ ವಿಚಿತ್ರ. ನಕ್ಷೆಗಾರ ಮರ್ಕೇಟರ್ ತೀರಿಕೊಂಡ ಮರುವರ್ಷ, 1595ರಲ್ಲಿ, ಮಗ ಹೊರತಂದ ನಕ್ಷೆಗಳ ಸಂಪುಟದ ಹೆಸರು ‘ಅಟ್ಲಾಸ್’. ಮರ್ಕೇಟರ್ ಮನಸ್ಸಿನಲ್ಲಿದ್ದವನು ಆ ಟೈಟನ್ ಅಲ್ಲ. ಉತ್ತರ ಆಫ್ರಿಕದ ಮಾರಿಟೇನಿಯದ, ಖಗೋಳ ಬಲ್ಲವನೆಂದು ದಂತಕಥೆ ಹೇಳುವ ಅರಸ.

ಮೂಳೆಗೆ ಮಾತ್ರ ಹೆಸರು ಚೆನ್ನಾಗಿ ಒಪ್ಪುತ್ತದೆ. ತಲೆಬುರುಡೆ ಕೂತಿರುವುದೇ ಅದರ ಮೇಲೆ. ಬೆನ್ನೆಲುಬಿನ ಉಳಿದ ಮೂಳೆಗಳಿಗಿರುವ ದಪ್ಪ ದಿಂಡು ಇದಕ್ಕಿಲ್ಲ, ಬಳೆಯಂತಿದೆ. ‘ಹೂಂ’ ಎಂದು ತಲೆಯಾಡಿಸಿದಾಗ ಬುರುಡೆ ಇದರ ಮೇಲೆ ಹಿಂದೆಮುಂದೆ ವಾಲುತ್ತದೆ. ‘ಊಹೂಂ’ ಎಂದಾಗ ಅಟ್ಲಾಸೇ ಬುರುಡೆ ಸಮೇತ ಎರಡನೇ ಮೂಳೆಯ ಗೂಟದ ಸುತ್ತ ತಿರುಗುತ್ತದೆ. ಸೈಕಲ್ಲು 1951ರಲ್ಲಿ ಸೋನಿಪತ್‌ನಲ್ಲಿ ಶುರುವಾದ ಕಂಪನಿಯದು. ಕ್ಯಾರಿಯರ್ ಮೇಲೆ ಮೂಟೆ ಹೇರುವ ಗಾಡಿಗೆ ಆ ಹೆಸರು ಸಲ್ಲುತ್ತದೆ ಬಿಡಿ.

ಪ್ರಶ್ನೆ: ಅಟ್ಲಾಸ್‌ನಲ್ಲಿ ಅಳೆದರೆ ಚಿತ್ರದುರ್ಗ–ದಾವಣಗೆರೆ 56 ಕಿ.ಮೀ. ಹೆದ್ದಾರಿಯಲ್ಲಿ ಹೋದರೆ 60 ದಾಟುತ್ತದೆ. ನಕ್ಷೆ ತಪ್ಪೇ?
– ಓದುಗರು, ಚಿತ್ರದುರ್ಗ

ಉತ್ತರ: ತಪ್ಪಲ್ಲ. ಸ್ಕೇಲಿಟ್ಟು ಅಳೆದರೆ ಸಿಗುವುದು ನೇರ ದೂರ. ರಸ್ತೆಯ ದೂರ ಬೇಕಿದ್ದರೆ ಹೊಲಿಗೆ ದಾರವನ್ನು ರಸ್ತೆಯ ಗೆರೆಯ ಮೇಲೆ ತಿರುವು ತಪ್ಪದಂತೆ ಕೂರಿಸಿ, ಎರಡೂ ತುದಿಗೆ ಪೆನ್ನಿನಿಂದ ಗುರುತು ಹಾಕಿ, ಎಳೆಯದೆ ನೆಟ್ಟಗೆ ಚಾಚಿ ಅಳೆಯಿರಿ. ಪ್ರಮಾಣ 1:40,00,000 ಇದ್ದರೆ 1 ಮಿ.ಮೀ.ಗೆ 4 ಕಿ.ಮೀ. ಅರ್ಧ ಮಿ.ಮೀ. ಜಾರಿದರೂ 2 ಕಿ.ಮೀ. ಆಚೀಚೆ. ಅಷ್ಟು ಚಿಕ್ಕ ನಕ್ಷೆಯಲ್ಲಿ ಸಣ್ಣಪುಟ್ಟ ತಿರುವುಗಳನ್ನು ತೋರಿಸುವುದೂ ಇಲ್ಲ, ಹಾಗಾಗಿ ದಾರದ ಲೆಕ್ಕವೂ ಸ್ವಲ್ಪ ಕಡಿಮೆಯೇ ಬರುತ್ತದೆ.

ಹಿಗ್ಗಿಸಿ ಜೆರಾಕ್ಸ್ ಮಾಡಿದ ಹಾಳೆಯಲ್ಲಿ ಆ 1:40,00,000 ಸುಳ್ಳಾಗುತ್ತದೆ. ಕಿ.ಮೀ. ಗುರುತು ಹಾಕಿದ ಗೆರೆಯನ್ನು ನಂಬಿ. ನಕ್ಷೆಯ ಜೊತೆಗೆ ಅದೂ ಹಿಗ್ಗಿರುತ್ತದೆ.

ಪ್ರಶ್ನೆ: 2025ರಲ್ಲಿ ಸುದ್ದಿಯಾದ 3ಐ/ಅಟ್ಲಾಸ್ ಧೂಮಕೇತುವಿಗೂ ಅವನದೇ ಹೆಸರೇ?
– ಓದುಗರು, ಹರಿಹರ

ಉತ್ತರ: ನೇರವಾಗಿ ಅಲ್ಲ. ಭೂಮಿಗೆ ಬಡಿಯಬಹುದಾದ ಕ್ಷುದ್ರಗ್ರಹಗಳ ಮುನ್ಸೂಚನೆ ಕೊಡುವ ದೂರದರ್ಶಕ ಜಾಲವೊಂದರ ಉದ್ದನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಸೇರಿ ಅಟ್ಲಾಸ್ ಆಗಿದೆ. ಅದರ ಚಿಲಿಯ ದೂರದರ್ಶಕ 2025ರ ಜುಲೈ 1ರಂದು ಇದನ್ನು ಪತ್ತೆ ಮಾಡಿತು. ‘3ಐ’ ಎಂದರೆ ಸೌರಮಂಡಲದ ಹೊರಗಿನಿಂದ ಬಂದದ್ದೆಂದು ಗುರುತಿಸಲಾದ ಮೂರನೇ ಕಾಯ.