ರೋಗಾಣು ಬದಲಾಗುತ್ತಲೇ ಇದ್ದರೆ ಮಲೇರಿಯಾ ಲಸಿಕೆ ಕೆಲಸ ಮಾಡುತ್ತಾ?

ಪ್ರಶ್ನೆ: ನನ್ನ ಮಗಳು, ಅಳಿಯ ಉಗಾಂಡದ ಗುಲುವಿನಲ್ಲಿದ್ದಾರೆ. ಮೊಮ್ಮಗುವಿಗೆ ಈಗ 7 ತಿಂಗಳು. ಮಲೇರಿಯಾ ಲಸಿಕೆಯ ಮೊದಲ ಡೋಸ್ ಆಗಿದೆ. ಆದರೆ ಅಳಿಯನ ಗೆಳೆಯರೊಬ್ಬರು, ‘ಆಫ್ರಿಕಾದ ಮಲೇರಿಯಾ ರೋಗಾಣು ಜೀನ್ ಬದಲಿಸಿಕೊಳ್ಳುತ್ತಾ ಇರುತ್ತೆ, ಈ ಲಸಿಕೆಯಿಂದ ಏನೂ ಆಗಲ್ಲ’ ಅಂದರಂತೆ. ಉಳಿದ ಡೋಸ್ ಹಾಕಿಸಬೇಕಾ? ಸದ್ಯದಲ್ಲೇ ನಾನೂ ಅಲ್ಲಿಗೆ ಹೋಗುವವಳಿದ್ದೇನೆ. ಹಿಂದೊಮ್ಮೆ ಮಲೇರಿಯಾ ಬಂದು ವಾಸಿಯಾಗಿದೆ. ನಾನೂ ಲಸಿಕೆ ತೆಗೆದುಕೊಳ್ಳಬಹುದಾ?
– ಓದುಗರು, ಮಂಗಳೂರು

ಉತ್ತರ: ಖಂಡಿತ ಹಾಕಿಸಿ, ಒಂದು ಡೋಸೂ ತಪ್ಪಿಸಬೇಡಿ. ಉಗಾಂಡದಲ್ಲಿ 6, 7, 8 ಮತ್ತು 18ನೇ ತಿಂಗಳಿಗೆ ಕೊಡುತ್ತಾರೆ. ಕೊನೆಯದಕ್ಕೆ ತುಂಬಾ ದಿನ ಇರುವುದರಿಂದ ಮರೆತುಹೋಗುವುದು ಸುಲಭ. ಆದರೆ ರಕ್ಷಣೆ ತಿಂಗಳು ಕಳೆದಂತೆ ಇಳಿಯುತ್ತದೆ, ಅದನ್ನು ಮತ್ತೆ ಏರಿಸುವುದೇ ಆ ನಾಲ್ಕನೆಯ ಡೋಸ್.

ಅಳಿಯನ ಗೆಳೆಯರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಆಫ್ರಿಕಾದಲ್ಲಿ ಮಕ್ಕಳ ಪ್ರಾಣ ತೆಗೆಯುವುದು ಹೆಚ್ಚಾಗಿ ಫಾಲ್ಸಿಪೇರಮ್ ಎಂಬ ಜಾತಿಯ ರೋಗಾಣು. ಅದು ಕೆಂಪು ರಕ್ತಕಣದೊಳಗೆ ಸೇರಿಕೊಂಡು, ಕಣದ ಹೊರಮೈಯಲ್ಲಿ ತನ್ನದೊಂದು ಪ್ರೋಟೀನ್ ಇಡುತ್ತದೆ. ಇದಕ್ಕೆಂದೇ ಅದರ ಹತ್ತಿರ ಸುಮಾರು 60 ಜೀನ್‌ಗಳಿವೆ, ಒಂದು ಸಲಕ್ಕೆ ಒಂದೇ ಕೆಲಸ ಮಾಡುತ್ತದೆ. ನಮ್ಮ ದೇಹ ಒಂದನ್ನು ಗುರುತು ಹಿಡಿಯುವಷ್ಟರಲ್ಲಿ, ಯಕ್ಷಗಾನದ ಕಲಾವಿದ ಚೌಕಿಗೆ ಹೋಗಿ ಬೇರೆ ವೇಷ ಕಟ್ಟಿಕೊಂಡು ಬಂದ ಹಾಗೆ, ಇನ್ನೊಂದರಲ್ಲಿ ಬಂದಿರುತ್ತದೆ.

ಆದರೆ ಉಗಾಂಡದಲ್ಲಿ ಮಕ್ಕಳಿಗೆ ಕೊಡುವ, ಮೊಮ್ಮಗುವಿಗೂ ಹಾಕಿರುವ ಆರ್21 ಎಂಬ ಲಸಿಕೆ ಈ ಹಂತದ ತಂಟೆಗೇ ಹೋಗುವುದಿಲ್ಲ. ಸೊಳ್ಳೆ ಕಚ್ಚಿದಾಗ ಚರ್ಮದೊಳಗೆ ಇಳಿಯುವುದು ಬೆರಳೆಣಿಕೆಯಿಂದ ಕೆಲವು ಡಜನ್‌ವರೆಗಿನ ರೋಗಾಣುಗಳು, ಅಷ್ಟೇ. ಅವು ನೇರ ಲಿವರ್‌ಗೆ ಹೋಗುತ್ತವೆ. ಅಲ್ಲಿ ಸುಮಾರು ಒಂದು ವಾರದಲ್ಲಿ ಒಂದೊಂದೂ ಸಾವಿರಗಟ್ಟಲೆ ಆಗಿ ರಕ್ತಕ್ಕೆ ನುಗ್ಗುತ್ತವೆ. ಲಿವರ್ ಸೇರುವ ಮೊದಲೇ ಅವನ್ನು ತಡೆಯುವುದು ಲಸಿಕೆಯ ಕೆಲಸ. ಆಗ ರೋಗಾಣುವಿನ ಮೈತುಂಬ ಸಿಎಸ್‌ಪಿ ಎಂಬ ಪ್ರೋಟೀನ್ ಇರುತ್ತದೆ. ಅದರ ನಡುಭಾಗದಲ್ಲಿ ನಾಲ್ಕು ಅಮೈನೋ ಆಮ್ಲಗಳ (ಪ್ರೋಟೀನಿನ ಬಿಡಿ ಮಣಿಗಳ) ಒಂದು ತುಣುಕು ಸುಮಾರು 40 ಸಲ ಮರುಕಳಿಸುತ್ತದೆ. ಘಾನಾದ್ದಾಗಲಿ, ಉಗಾಂಡದ್ದಾಗಲಿ, ಫಾಲ್ಸಿಪೇರಮ್‌ನಲ್ಲಿ ಈ ತುಣುಕು ಒಂದೇ. ಲಸಿಕೆಯ ಮುಖ್ಯ ಗುರಿ ಇದು.

ಬದಲಾಗುವುದು ಅದೇ ಪ್ರೋಟೀನಿನ ಬಾಲದ ಕಡೆ. ಲಸಿಕೆಯಲ್ಲಿ ಇರುವ ಬಾಲ 3ಡಿ7 ಎಂಬ ತಳಿಯದು. ಈ ತಳಿಯ ಮೂಲ ಆಫ್ರಿಕಾವೇ ಇರಬೇಕು, ಆದರೆ ಅದು ಸಿಕ್ಕಿದ್ದು ನೆದರ್ಲೆಂಡ್ಸ್‌ನ ವಿಮಾನ ನಿಲ್ದಾಣದ ಹತ್ತಿರ ವಾಸವಿದ್ದ ರೋಗಿಯೊಬ್ಬರ ರಕ್ತದಲ್ಲಿ. ಮೊದಲ ಮಲೇರಿಯಾ ಲಸಿಕೆ ಆರ್‌ಟಿಎಸ್,ಎಸ್‌ನಲ್ಲೂ ಇದೇ ಬಾಲ. ಅದರ ಪರೀಕ್ಷೆಯಲ್ಲಿದ್ದ ಮಕ್ಕಳ ರಕ್ತದಿಂದ ರೋಗಾಣುವಿನ ಜೀನ್ ಓದಿದ ವರದಿ 2015ರಲ್ಲಿ ಬಂತು. 3ಡಿ7ನ ಬಾಲಕ್ಕೆ ಪೂರ್ತಿ ಹೊಂದುವ ರೋಗಾಣು ಶೇ 10ಕ್ಕಿಂತ ಕಡಿಮೆ. ಐದು ತಿಂಗಳು ದಾಟಿದ ಮಕ್ಕಳಲ್ಲಿ, ಮೊದಲ ವರ್ಷ, ಹೊಂದುವ ರೋಗಾಣುವಿನ ಮೇಲೆ ಲಸಿಕೆ ಸುಮಾರು ಶೇ 50ರಷ್ಟು ಕೆಲಸ ಮಾಡಿತ್ತು. ಹೊಂದದೇ ಇರುವುದರ ಮೇಲೆ ಸುಮಾರು ಶೇ 33.

ವ್ಯತ್ಯಾಸ ಸಣ್ಣದಲ್ಲ. ಆದರೆ ಬಾಲ ಹೊಂದದಿದ್ದರೂ ಮೂರರಲ್ಲಿ ಒಂದು ಪಾಲು ಜ್ವರ ತಪ್ಪಿತು ಅಲ್ವಾ? ಆರ್21 ಇದಕ್ಕಿಂತ ಹೊಸದು. ಬುರ್ಕಿನಾ ಫಾಸೊ, ಮಾಲಿ, ಕೀನ್ಯಾ, ಟಾಂಜಾನಿಯಾದ ಮಕ್ಕಳಲ್ಲಿ ಪರೀಕ್ಷಿಸಿದಾಗ ಮೊದಲ ವರ್ಷ, ವರ್ಷಪೂರ್ತಿ ಮಲೇರಿಯಾ ಇರುವ ಊರುಗಳಲ್ಲಿ ಶೇ 68, ಮಳೆಗಾಲದಲ್ಲಷ್ಟೇ ಜಾಸ್ತಿ ಇರುವ ಕಡೆ ಶೇ 75 ರಕ್ಷಣೆ ಕೊಟ್ಟಿತು. ಈ ಮಕ್ಕಳಿಗೆ ಕಚ್ಚಿದ್ದು ಅಲ್ಲಿನದೇ ಸೊಳ್ಳೆ, ಬಗೆಬಗೆಯ ಬಾಲದ ರೋಗಾಣು ಹೊತ್ತ ಸೊಳ್ಳೆ. ಗೆಳೆಯರು ಹೇಳುವ ಬದಲಾವಣೆಯೆಲ್ಲ ಈ ಲೆಕ್ಕದೊಳಗೇ ಸೇರಿದೆ.

ಹಾಗಂತ ಕಣ್ಣು ಮುಚ್ಚಿ ಕೂರುವಂತಿಲ್ಲ. ಲಕ್ಷಾಂತರ ಮಕ್ಕಳಿಗೆ ಲಸಿಕೆ ಆದ ಮೇಲೆ, ಹೊಂದದ ಬಾಲದ ರೋಗಾಣುಗಳೇ ಉಳಿದು ಹರಡಬಹುದು. ಅದನ್ನು ಮೊದಲೇ ಹಿಡಿಯಬೇಕಾದರೆ ರಕ್ತದ ಮಾದರಿ ತೆಗೆದು ವರ್ಷ ವರ್ಷ ಜೀನ್ ಓದುತ್ತಲೇ ಇರಬೇಕು. ಮೊದಲು ಈ ಮಾದರಿಗಳು ಹೆಚ್ಚಾಗಿ ಯುರೋಪ್, ಅಮೆರಿಕಕ್ಕೆ ಹೋಗುತ್ತಿದ್ದವು. ಮಾಲಿಯ ವಿಜ್ಞಾನಿ ಅಬ್ದುಲಾಯೆ ಜಿಮ್ಡೆ ಮತ್ತು ಜೊತೆಗಾರರು ಆಫ್ರಿಕಾದ ಹಲವು ದೇಶಗಳ ಲ್ಯಾಬ್‌ಗಳನ್ನು ಒಂದು ಜಾಲವಾಗಿ ಕಟ್ಟಿ, ಅಲ್ಲೇ ಓದುವಂತೆ ಮಾಡುತ್ತಿದ್ದಾರೆ. ಲಸಿಕೆ ಕಂಡುಹಿಡಿದಷ್ಟೇ ದೊಡ್ಡ ಕೆಲಸ ಇದು ಅಂತ ನನ್ನ ಅಭಿಪ್ರಾಯ. ಇಂಥ ಓದಿನ ನೆರವಿನಿಂದಲೇ ನಿಮ್ಮ ಮಗಳಿರುವ ಉತ್ತರ ಉಗಾಂಡದಲ್ಲಿ ಆರ್ಟಿಮಿಸಿನಿನ್ ಎಂಬ ಮಲೇರಿಯಾ ಔಷಧಿಗೆ ಬೇಗ ಬಗ್ಗದ ರೋಗಾಣು ಇರುವುದು ಗೊತ್ತಾಗಿದ್ದು. ಹಾಗಾಗಿ ಮಗುವಿಗೆ ಲಸಿಕೆ ಆಗಿದ್ದರೂ ಸೊಳ್ಳೆ ಪರದೆ ಬಿಡಬಾರದು. ಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಲು ಹೇಳಿ. ಕೊಟ್ಟ ಮಾತ್ರೆಯನ್ನು ಪೂರ್ತಿ ಕೊಡಬೇಕು, ಅರ್ಧಕ್ಕೆ ನಿಲ್ಲಿಸಬಾರದು.

ಇನ್ನು ನಿಮ್ಮ ವಿಷಯ. ಈ ಲಸಿಕೆ ದೊಡ್ಡವರಿಗಲ್ಲ, ಅಲ್ಲಿ ಬೆಳೆಯುವ ಪುಟ್ಟ ಮಕ್ಕಳಿಗೆ. ಮಂಗಳೂರಿನಲ್ಲಿ ಹೆಚ್ಚಾಗಿ ಕಾಣುವುದು ವೈವಾಕ್ಸ್ ಎಂಬ ಬೇರೆ ಜಾತಿ. ಅದರ ಸಿಎಸ್‌ಪಿಯ ತುಣುಕೇ ಬೇರೆ, ಹಾಗಾಗಿ ಈ ಲಸಿಕೆ ಅದಕ್ಕೆ ತಾಗುವುದಿಲ್ಲ. ನಿಮಗೆ ಹಿಂದೆ ಬಂದಿದ್ದೂ ಅದೇ ಇರಬಹುದು. ಒಮ್ಮೆ ವೈವಾಕ್ಸ್ ಬಂದು ಹೋಗಿದೆ ಎಂದು ಫಾಲ್ಸಿಪೇರಮ್ ನಿಮ್ಮನ್ನು ಬಿಡುತ್ತದೆ ಅಂದುಕೊಳ್ಳಬೇಡಿ. ಹೊರಡುವ ಕೆಲವು ವಾರ ಮೊದಲೇ ವೈದ್ಯರನ್ನು ಕಂಡು ಮಲೇರಿಯಾ ಬಾರದಂತೆ ತಡೆಯುವ ಮಾತ್ರೆ ಬರೆಸಿಕೊಳ್ಳಿ. ಬಿಪಿ, ಶುಗರ್‌ಗೆ ಏನಾದರೂ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ತಿಳಿಸಿ. ಊರಿಗೆ ಬಂದ ಮೇಲೂ ಅವರು ಹೇಳಿದಷ್ಟು ದಿನ ಮಾತ್ರೆ ಮುಂದುವರಿಸಬೇಕು. ಬಂದ ಮೂರು ತಿಂಗಳೊಳಗೆ ಜ್ವರ ಕಾಣಿಸಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ‘ಉಗಾಂಡಕ್ಕೆ ಹೋಗಿದ್ದೆ’ ಎಂದು ಮೊದಲೇ ಹೇಳಿ.